ಟೊಮೆಟೊ ಮಂಡಿಯ ಪಟ್ಟಿ ಮತ್ತು ನಮ್ಮ ಎಂಸಿಎ ವರದಿ

ನಾವು ಓದುವಾಗ ಎಂಸಿಎ, ಅಂದರೆ ಕಂಪ್ಯೂಟರಿನ ಸ್ನಾತಕೋತ್ತರ ಪದವಿ, ಮೂರು ವರ್ಷದ ಕೋರ್ಸು. ಕೊನೆಯ ಸೆಮಿಸ್ಟರ್ ಪ್ರಾಜೆಕ್ಟಿಗೇ ಮೀಸಲು. ಸಹಪಾಠಿಗಳಲ್ಲಿ ಹೆಚ್ಚಿನವರು ಕಂಪನಿ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿದರು. ನಾನು ಮತ್ತು ನನ್ನ ಜೊತೆಗಾರ ಕೋಲಾರದಲ್ಲೇ ಉಳಿದು, ಎಪಿಎಂಸಿಯ ಟೊಮೆಟೊ ಮಂಡಿಯೊಂದಕ್ಕೆ ಲೆಕ್ಕದ ತಂತ್ರಾಂಶ ಬರೆಯಲು ಹೊರಟೆವು. ಬರೆದದ್ದು ವಿಷುವಲ್ ಬೇಸಿಕ್ 6 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಅದರ ಬೆನ್ನಿಗೆ ಮಾಹಿತಿ ಇಡಲು ಆಕ್ಸೆಸ್ ಡೇಟಾಬೇಸ್.

ಹರಾಜಿನ ನಂತರ ಗುಮಾಸ್ತರು ರೈತರಿಗೆ ಬರೆದುಕೊಡುವ ಪಟ್ಟಿಯೇ ನಮಗೆ ಪಠ್ಯವಾಯಿತು. ಮೇಲೆ ಹೆಸರು, ಊರು. ಕೆಳಗೆ ಎಷ್ಟು ಬಾಕ್ಸ್, ಏನು ದರ. ಆಮೇಲೆ ಗಾಡಿ ಬಾಡಿಗೆ, ಮುಂಗಡ ಕಳೆದು ಉಳಿದ ಮೊತ್ತ. ಬಾಕ್ಸ್ ಎಂದರೆ 15 ಕಿಲೋ. ಒಬ್ಬನೇ ರೈತನ ಮಾಲು ಕಾಯಿ ನೋಡಿ ಎರಡು ಮೂರು ದರಕ್ಕೆ ಹೋಗುತ್ತಿತ್ತು. ಹಾಗಾಗಿ ಪಟ್ಟಿಗೊಂದು ಟೇಬಲ್, ಅದರೊಳಗಿನ ಸಾಲುಗಳಿಗೆ ಇನ್ನೊಂದು. ಒಂದೇ ಮಾಹಿತಿ ಮತ್ತೆ ಮತ್ತೆ ಬಾರದಂತೆ ಟೇಬಲ್‌ಗಳನ್ನು ಹೀಗೆ ಬಿಡಿಸುವುದೇ ನಾರ್ಮಲೈಸೇಶನ್; ತರಗತಿಯಲ್ಲಿ ತಲೆಗೆ ಹತ್ತದ ಅದು ಆ ಕಾರ್ಬನ್ ಪ್ರತಿಯ ಮೇಲೆ ಅರ್ಥವಾಯಿತು. ಒಂದೇ ಊರಿನಲ್ಲಿ ಇಬ್ಬರು ನಾರಾಯಣಸ್ವಾಮಿಗಳು, ಇಬ್ಬರ ತಂದೆಯ ಹೆಸರೂ ಒಂದೇ. ‘ಒಬ್ಬರು ಬಾವಿ ಹತ್ತಿರದವರು, ಇನ್ನೊಬ್ಬರು ಶಾಲೆ ಹಿಂದಿನವರು, ಅಷ್ಟೇ ತಾನೇ?’ ಎಂದರು ಗುಮಾಸ್ತರು. ಪ್ರತಿ ರೈತನಿಗೂ ಒಂದು ಸಂಖ್ಯೆ ಕೊಟ್ಟೆವು. ‘ಗುರುತು’ ಎಂಬ ಕಾಲಂ ಕೂಡ ಸೇರಿಸಿದೆವು.

ಪಟ್ಟಿ ಕನ್ನಡದಲ್ಲೇ ಅಚ್ಚಾಗಬೇಕಿತ್ತು. ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಯೂನಿಕೋಡ್ ಕನ್ನಡವನ್ನು ವಿಷುವಲ್ ಬೇಸಿಕ್ 6ರ ಪಠ್ಯಪೆಟ್ಟಿಗೆಗಳು ತೋರಿಸುವುದಿಲ್ಲ, ಆದ್ದರಿಂದ ನುಡಿ ಎಂಬ ಕನ್ನಡ ತಂತ್ರಾಂಶದ ಫಾಂಟ್ ಬಳಸಿದೆವು. ಅಚ್ಚು ಮುದ್ದಾಗಿ ಬಂತು. ಆದರೆ ಒಳಗೆ ಇದ್ದದ್ದು ಪೂರ್ಣ ಅಕ್ಷರದ್ದಲ್ಲ, ಅದರ ಆಕಾರದ ತುಂಡುಗಳ ಸಂಕೇತ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಎಲ್ಲವೂ ಚೆಲ್ಲಾಪಿಲ್ಲಿ. ಕೊನೆಗೆ ಊರು ಆರಿಸಿ, ರೈತನ ಸಂಖ್ಯೆಯಿಂದ ಹುಡುಕುವಂತೆ ಮಾಡಿದೆವು.

ಕೋಡ್ ಹೇಗೋ ಮುಗಿಯಿತು, ಬೆವರಿಳಿಸಿದ್ದು ವರದಿ. ಆಗಿನ ವರದಿಗಳಲ್ಲಿ ‘ವಿಷುವಲ್ ಬೇಸಿಕ್ ಪರಿಚಯ’ ಎಂಬ ದಪ್ಪನೆಯ ಅಧ್ಯಾಯ ಹಿರಿಯರಿಂದ ಕಿರಿಯರಿಗೆ ಆಸ್ತಿಯಂತೆ ಬರುತ್ತಿತ್ತು. ನಮ್ಮ ಗೈಡ್ ಮೇಡಂ ಅದರ ಮೇಲೆ ಅಡ್ಡಗೆರೆ ಎಳೆದು, ‘ಇದು ಮೈಕ್ರೋಸಾಫ್ಟ್‌ನವರ ಕೆಲಸ, ನಿಮ್ಮದು ಎಲ್ಲಿ?’ ಎಂದರು. ತಂತ್ರಾಂಶ ಏನೇನು ಮಾಡಬೇಕೆಂಬ ಅಗತ್ಯಗಳ ದಾಖಲೆಯನ್ನು, ಅದಕ್ಕೆಂದೇ ಇದ್ದ ಐಇಇಇ 830 ಎಂಬ ಮಾನದಂಡದ ಮಾದರಿಯಲ್ಲಿ ಬರೆಸಿದರು. ಕಾಲಂಗಳ ಅರ್ಥ ಬರೆದಿಡುವ ಡೇಟಾ ಡಿಕ್ಷನರಿಯಲ್ಲಿ ಪ್ರತಿ ಕಾಲಂ ಎದುರು ಗುಮಾಸ್ತರು ಹೇಳುವ ಮಾತೇ ಇರಬೇಕೆಂದರು. ತಂತ್ರಾಂಶವನ್ನು ಪರೀಕ್ಷಿಸುವ ಟೆಸ್ಟ್ ಕೇಸುಗಳಿಗೆ ಹಳೆಯ ಪಟ್ಟಿಗಳನ್ನೇ ತಂದು, ಕೈಲೆಕ್ಕಕ್ಕೂ ಪರದೆಗೂ ತಾಳೆ ನೋಡಿದೆವು. ಅಕಾರಾದಿಯ ತೊಂದರೆಯನ್ನು ಮುಚ್ಚದೆ ‘ಮಿತಿಗಳು’ ಅಧ್ಯಾಯದಲ್ಲಿ ಕಾರಣಸಹಿತ ಬರೆಯಿರಿ ಎಂದಾಗ ಮಾತ್ರ ಅಂಕ ಹೋಯಿತೆಂದೇ ಅಂದುಕೊಂಡೆವು.

ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಬಂದ ಹೊರಗಿನ ಪರೀಕ್ಷಕರು ವರದಿಯ ಬಂಗಾರದ ಅಕ್ಷರದ ರಟ್ಟು ತೆಗೆದು ನೇರವಾಗಿ ಆ ‘ಮಿತಿಗಳು’ ಪುಟಕ್ಕೇ ಹೋದರು. ಪ್ರಶ್ನೆಗಳೆಲ್ಲ ನುಡಿ, ಯೂನಿಕೋಡ್ ಸುತ್ತಲೇ. ನಾವು ವಾರಗಟ್ಟಲೆ ಒದ್ದಾಡಿದ ವಿಷಯ, ಬಾಯಿ ತಡವರಿಸಲಿಲ್ಲ. ಏಳುವ ಮುನ್ನ, ‘ಇವತ್ತು ಬಾಕ್ಸ್ ಎಷ್ಟಕ್ಕೆ ಹೋಯಿತಪ್ಪಾ?’ ಎಂದು ಕೇಳಿದರು. ಬೆಳಿಗ್ಗೆ ಮಂಡಿಯಿಂದಲೇ ಬಂದಿದ್ದ ಜೊತೆಗಾರ ಮೂರು ದರ್ಜೆಗೂ ಬೇರೆ ಬೇರೆ ದರ ಹೇಳಿದ.