ಟೆಂಪ್ ವೇರಿಯಬಲ್ ಕೋಡ್‌ನಲ್ಲೇ ಯಾಕೆ, ಡಿಬಗ್ಗರ್‌ನಲ್ಲಿ ಇಡಿ

ಸಿ, ಸಿ++ ಬರೆಯುವವರೆಲ್ಲ ಇದನ್ನು ಮಾಡಿರುತ್ತಾರೆ. ಒಂದು ಉದ್ದದ ಸಾಲು. ಒಂದು ಫಂಕ್ಷನ್ ಕೊಟ್ಟ ಪಾಯಿಂಟರ್ ಹಿಡಿದು ಇನ್ನೊಂದನ್ನು ಕರೆಯುವುದು, ಅದು ಕೊಟ್ಟದ್ದನ್ನು ಹಿಡಿದು ಮತ್ತೊಂದು. ಎಲ್ಲೋ ನಡುವೆ ನಲ್ (ಎಲ್ಲಿಗೂ ತೋರಿಸದ ಖಾಲಿ ಪಾಯಿಂಟರ್) ಬರುತ್ತಿದೆ, ಎಲ್ಲಿ ಅಂತ ಕಾಣುವುದಿಲ್ಲ. ಆಗ 'ಟೆಂಪ್' ಅಂತ ಒಂದು ತಾತ್ಕಾಲಿಕ ವೇರಿಯಬಲ್ ಹಾಕಿ ಸಾಲನ್ನು ಒಡೆಯುತ್ತೇವೆ, ಮತ್ತೆ ಬಿಲ್ಡ್ ಮಾಡಿ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಜಾಗ) ಇಟ್ಟು ಪ್ರಿಂಟ್ ಮಾಡುತ್ತೇವೆ. ಡಿಬಗ್ಗರ್ ಆದ ಜಿಡಿಬಿ ಉತ್ತರ ಕೊಡುತ್ತದೆ: 'ಆಪ್ಟಿಮೈಸ್ಡ್ ಔಟ್', ಅಂದರೆ ಕಂಪೈಲರ್ ಅದನ್ನು ತೆಗೆದುಹಾಕಿದೆ.

ಓ2 (ಕೋಡ್ ವೇಗವಾಗಿ ಓಡುವಂತೆ ತಿದ್ದು ಅಂತ ಕಂಪೈಲರ್‌ಗೆ ಹೇಳುವ ಆಯ್ಕೆ; ಓ0 ಅಂದರೆ ತಿದ್ದಬೇಡ) ಹಾಕಿ ಕಂಪೈಲ್ ಮಾಡಿದ್ದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಲೆಕ್ಕದ ನಡುವಿನ ಪ್ರತಿ ಬೆಲೆಗೂ (ವ್ಯಾಲ್ಯೂಗೂ) ಕಂಪೈಲರ್ ಒಳಗೆ ತನ್ನದೇ ಹೆಸರು ಇಟ್ಟುಕೊಂಡಿರುತ್ತದೆ. ನೀವು ಕೊಟ್ಟ ಹೆಸರಿನಿಂದ ಅದಕ್ಕೆ ಹೊಸದೇನೂ ಸಿಗುವುದಿಲ್ಲ. ಆ ಬೆಲೆಯ ಕೆಲಸ ಮುಗಿದ ಕೂಡಲೇ ಅದು ಇದ್ದ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ) ಬೇರೆ ಯಾವುದಕ್ಕೋ ಹೋಗಿರುತ್ತದೆ, ಇನ್ನು ಜಿಡಿಬಿ ಎಲ್ಲಿಂದ ಓದಬೇಕು ಹೇಳಿ?

ಓ0ಗೆ ಇಳಿಸಿದರೆ ಎಲ್ಲ ವೇರಿಯಬಲ್ ಸ್ಟ್ಯಾಕ್ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಎಷ್ಟೋ ಸಲ ಹುಡುಕುತ್ತಿದ್ದ ಬಗ್ ತಾನೇ ಮಾಯ. 2013ರಲ್ಲಿ ಜಿಸಿಸಿ ಕಂಪೈಲರ್ 4.8ರ ಜೊತೆ ಬಂದ ಓಜಿ ಆಯ್ಕೆ ನಡುವಿನ ದಾರಿ, ಅದರಲ್ಲೂ ಕೆಲವು ಬೆಲೆಗಳು ಕಾಣುವುದಿಲ್ಲ. ಉಳಿದದ್ದು ವೊಲಟೈಲ್ ಎಂಬ ಕೀವರ್ಡ್. ಟೆಂಪ್‌ಗೆ ವೊಲಟೈಲ್ ಹಾಕಿದರೆ ಕಂಪೈಲರ್ ಅದನ್ನು ಮೆಮೊರಿಗೆ ಬರೆಯಲೇಬೇಕು, ಅಳಿಸುವ ಹಾಗಿಲ್ಲ.

ಆದರೆ ಮೆಮೊರಿಗೆ ಬರೆಯುವುದೇ ಉತ್ತರವನ್ನು ಬದಲಿಸಿದರೆ? 32 ಬಿಟ್ ಇಂಟೆಲ್‌ನ ಹಳೆಯ ಎಕ್ಸ್87 ರಿಜಿಸ್ಟರ್‌ಗಳು 80 ಬಿಟ್ ಅಗಲ, ಡಬಲ್ (ದಶಮಾಂಶ ಸಂಖ್ಯೆಗಳ ಟೈಪ್) ಬರೀ 64 ಬಿಟ್. ಒಂದು ಭಾಗಾಕಾರದ ಉತ್ತರ ರಿಜಿಸ್ಟರ್‌ನಲ್ಲೇ ಇದ್ದರೆ ಜಾಸ್ತಿ ಅಂಕಿಗಳು ಉಳಿದಿರುತ್ತವೆ, ಮೆಮೊರಿಗೆ ಹೋಗಿ ಬಂದರೆ ಕತ್ತರಿಸಿಕೊಂಡು ಬರುತ್ತದೆ. ಹಾಗಾಗಿ ಅದೇ ಎರಡು ಸಂಖ್ಯೆಯನ್ನು ಎರಡು ಸಲ ಭಾಗಿಸಿ ಹೋಲಿಸಿದರೂ 'ಸಮ ಅಲ್ಲ' ಅಂತ ಬರಬಹುದು. ನೋಡೋಣ ಅಂತ ಒಂದು ವೊಲಟೈಲ್ ಟೆಂಪ್ ಅಥವಾ ಪ್ರಿಂಟ್‌ಎಫ್ ಹಾಕಿದರೆ ಎರಡೂ ಮೆಮೊರಿಗೆ ಹೋಗಿ ಸಮವಾಗಿಬಿಡಬಹುದು. ಜಿಸಿಸಿಯ ಬಗ್ ಪಟ್ಟಿಯಲ್ಲಿ 323ನೇ ನಂಬರ್ ಇದೇ, 2000ನೇ ಇಸವಿಯದ್ದು. ಜನ ವರ್ಷಗಟ್ಟಲೆ ಅದನ್ನೇ ಹೊಸ ಬಗ್ ಅಂತ ಮತ್ತೆ ಮತ್ತೆ ತಂದು ಹಾಕಿದ್ದಾರೆ. 64 ಬಿಟ್‌ನಲ್ಲಿ ಡಬಲ್ ಲೆಕ್ಕ ಸಾಮಾನ್ಯವಾಗಿ ಎಸ್‌ಎಸ್‌ಇ2 ಸೂಚನೆಗಳ ಮೇಲೆ, 64 ಬಿಟ್ ಅಗಲದಲ್ಲೇ ನಡೆಯುವುದರಿಂದ ಈಗ ಇದು ಅಪರೂಪ.

ಅದಕ್ಕೇ ನಾನು ಟೆಂಪ್ ಅನ್ನು ಮೊದಲು ಜಿಡಿಬಿಯಲ್ಲೇ ಇಡುತ್ತೇನೆ. ರಿಜಿಸ್ಟರ್ ಹೆಸರುಗಳನ್ನು ಬಿಟ್ಟು, ಡಾಲರ್ ಗುರುತಿನಿಂದ ಶುರುವಾಗುವ ಬೇರೆ ಹೆಸರು ಸರಿ. ಟೈಪ್ ಹೇಳುವುದು ಬೇಡ, ಬೈನರಿಯಲ್ಲಿ ಒಂದು ಬೈಟ್ ಕೂಡ ಬದಲಾಗುವುದಿಲ್ಲ. 'ಸೆಟ್ $ಐ = 0' ಅಂತ ಕೊಟ್ಟು, ಅರೇಯ '$ಐ++'ನೇ ಜಾಗವನ್ನು ಪ್ರಿಂಟ್ ಮಾಡಿ, ಆಮೇಲೆ ಸುಮ್ನೆ ಎಂಟರ್ ಒತ್ತುತ್ತಾ ಹೋಗಿ. ಒಂದೊಂದೇ ಮುಂದೆ ಸಾಗುತ್ತದೆ. ಒಂದು ಬ್ರೇಕ್‌ಪಾಯಿಂಟ್‌ನಲ್ಲಿ ಪಾಯಿಂಟರ್ ಅನ್ನು '$ಹಳೇದು' ಅಂತ ಎತ್ತಿಟ್ಟು, ಮುಂದಿನ ಬ್ರೇಕ್‌ಪಾಯಿಂಟ್‌ನಲ್ಲಿ ಹೋಲಿಸಬಹುದು. ಪ್ರೋಗ್ರಾಂ ಮತ್ತೆ ಓಡಿಸಿದರೂ ಅದು ಉಳಿದಿರುತ್ತದೆ. ಲಿನಕ್ಸ್‌ನಲ್ಲಿ ಜಿಡಿಬಿ ತಾನೇ ವಿಳಾಸಗಳ ಕಲಸಾಟವನ್ನು (ಪ್ರತಿ ಓಟಕ್ಕೂ ಮೆಮೊರಿ ವಿಳಾಸ ಬದಲಿಸುವುದನ್ನು) ನಿಲ್ಲಿಸಿರುವುದರಿಂದ, ಹೋದ ಸಲದ ವಿಳಾಸ ಈ ಸಲವೂ ಹೆಚ್ಚಾಗಿ ಹೊಂದುತ್ತದೆ.

ಆ ಉದ್ದದ ಸಾಲಿಗೂ ಟೆಂಪ್ ಬೇಕಿಲ್ಲ. ಒಳಗಿನ ಫಂಕ್ಷನ್‌ಗೆ ಹೋಗಿ 'ಫಿನಿಶ್' ಕೊಟ್ಟರೆ ಅದು ಹಿಂತಿರುಗಿಸಿದ ಬೆಲೆಯನ್ನು ತೋರಿಸಿ $1, $2 ಅಂತ ಹೆಸರಿಟ್ಟು ಕೊಡುತ್ತದೆ. ಇನ್‌ಲೈನ್ ಆಗಿದ್ದರೆ, ಅಂದರೆ ಕಂಪೈಲರ್ ಆ ಫಂಕ್ಷನ್ ಅನ್ನು ಕರೆದ ಜಾಗದಲ್ಲೇ ಬೆರೆಸಿಬಿಟ್ಟಿದ್ದರೆ ಮಾತ್ರ, ಈ ಉಪಾಯ ನಡೆಯುವುದಿಲ್ಲ.

ಎಣಿಕೆಗೂ ಇದೇ ದಾರಿ, ಬ್ರೇಕ್‌ಪಾಯಿಂಟ್‌ನ ಕಂಡೀಶನ್‌ನಲ್ಲೇ '$ಎಣಿಕೆ++' ಬರೆಯಬಹುದು, ಮೊದಲು ಸೊನ್ನೆಗೆ ಸೆಟ್ ಮಾಡಿರಬೇಕು ಅಷ್ಟೆ. ಆದರೆ ಲಕ್ಷಗಟ್ಟಲೆ ಸಲ ಸುತ್ತುವ ಲೂಪ್ ಒಳಗೆ ಬೇಡ. ಪ್ರತಿ ಸುತ್ತಿಗೂ ಪ್ರೋಗ್ರಾಂ ನಿಂತು, ಜಿಡಿಬಿ ಕಂಡೀಶನ್ ನೋಡಿ, ಮತ್ತೆ ಹೊರಡಬೇಕು. ಅಲ್ಲಿ ನಾನೂ ಕೋಡ್‌ನಲ್ಲೇ ಒಂದು ವೊಲಟೈಲ್ ಕೌಂಟರ್ ಹಾಕುತ್ತೇನೆ.