ಆ ಶನಿವಾರ ಡಾನ್ಸ್ ಫ್ಲೋರ್ ಯಾಕೆ ತುಂಬಲಿಲ್ಲ

ತುಮಕೂರಿನಲ್ಲಿ ಗೇ ಕ್ಲಬ್ ಇಲ್ಲ. ಕುಣಿಯಬೇಕು ಅನ್ನಿಸಿದವರು 70 ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕು. ಕಳೆದ ತಿಂಗಳ ಒಂದು ಶನಿವಾರ ನಮ್ಮೂರಿನ ನಾಲ್ಕೈದು ಜನ ಅಲ್ಲಿನ ಒಂದು ಹಳೆಯ ಕ್ಲಬ್ಬಿಗೆ ಹೋಗಿದ್ದೆವು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಮಿನ ತೀರ್ಪು ಕೊಟ್ಟು, ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಅನ್ನುವ ಮೊದಲಿನಿಂದಲೂ ನಡೆದುಕೊಂಡು ಬಂದಿರುವ ಜಾಗ. ಒಂದು ಕಾಲಕ್ಕೆ ಅಲ್ಲಿ ಹನ್ನೊಂದಕ್ಕೆಲ್ಲ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈ ಸಲ ಹನ್ನೆರಡಾದರೂ ಫ್ಲೋರಿನ ನಡುಭಾಗ ಖಾಲಿಯೇ ಇತ್ತು. ಜನ ಬಂದಿರಲಿಲ್ಲ ಅಂತಲ್ಲ. ಬಂದವರು ಗೋಡೆಗೆ ಒರಗಿ ನಿಂತಿದ್ದರು. ಯಾಕೆ ನಿಂತಿದ್ದರು ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳಬೇಕಾಗಿದೆ.

ಹೋಗುವ ದಾರಿ ಈಗ ಮೊದಲಿಗಿಂತ ಸಲೀಸು. 2024ರ ನವೆಂಬರ್‌ನಲ್ಲಿ ಮೆಟ್ರೊ ಹಸಿರು ಮಾರ್ಗ ಮಾದಾವರದವರೆಗೆ ಬಂತು. ತುಮಕೂರಿನಿಂದ ಹೊರಟ ಬಸ್ಸಿನಲ್ಲಿ ಕಂಡಕ್ಟರ್‌ಗೆ ಮೊದಲೇ ಹೇಳಿಟ್ಟು ಮಾದಾವರದಲ್ಲಿ ಇಳಿದರೆ ಯಶವಂತಪುರದ ಟ್ರಾಫಿಕ್ ತಪ್ಪುತ್ತದೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಎಂ.ಜಿ. ರೋಡ್. ಕಷ್ಟ ಇರುವುದು ಬಟ್ಟೆಯದು. ಬಸ್ಸಿನಲ್ಲಿ ಮಾಮೂಲಿ ಶರ್ಟು ಪ್ಯಾಂಟು, ಬ್ಯಾಗಿನಲ್ಲಿ ರಾತ್ರಿಯ ಬಟ್ಟೆ, ಕಾಡಿಗೆ, ಬಳೆ. ಊರ ಹೊರಗಿನಿಂದ ಬರುವ ಪ್ರತಿಯೊಬ್ಬರದೂ ಇದೇ ವ್ಯವಸ್ಥೆ. ಹಾಗಾಗಿ ಗೇ ಕ್ಲಬ್ಬಿಗೆ ಬ್ಯಾಗ್ ಇಡುವ ಕೌಂಟರ್ ಬಹಳ ಮುಖ್ಯ. ಒಂದು ಮೇಜು, ಕಪಾಟು, ನಂಬರ್ ಬರೆದ ಟೋಕನ್, ಕೂತಿರಲು ಒಬ್ಬರು ಇದ್ದರೆ ಸಾಕು. ಈ ಕ್ಲಬ್ಬಿನಲ್ಲಿ ಹಿಂದೆ ಇದ್ದ ಕೌಂಟರನ್ನು ತೆಗೆದು ಆ ಜಾಗದಲ್ಲಿ ಸೋಫಾ ಹಾಕಿದ್ದಾರೆ. ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡವರು ಫ್ಲೋರಿನ ನಡುವಿಗೆ ಹೋಗುವುದಿಲ್ಲ, ಗೋಡೆ ಬಿಟ್ಟು ಅಲುಗುವುದಿಲ್ಲ. ಖಾಲಿ ಫ್ಲೋರಿಗೆ ಒಂದು ಕಾರಣ ಇಲ್ಲೇ ಸಿಕ್ಕಿತು.

ಬಾಗಿಲಲ್ಲಿ ಇನ್ನೊಂದು. ಒಂಬತ್ತೂವರೆವರೆಗೆ ಉಚಿತ ಪ್ರವೇಶ, ಆಮೇಲೆ ಕವರ್ ಚಾರ್ಜ್. ಹೀಗೆ ಮಾಡಿದರೆ ಜನ ಒಂಬತ್ತೂ ಇಪ್ಪತ್ತಕ್ಕೆ ಒಟ್ಟಿಗೆ ಬಂದು ಸಾಲು ನಿಲ್ಲುತ್ತಾರೆ, ಕೈಪಟ್ಟಿ ಕಟ್ಟುವವರು ಒಬ್ಬರೇ ಇದ್ದರೆ ಸಾಲು ರಸ್ತೆಗೆ ಬರುತ್ತದೆ. ಬೀದಿ ದೀಪದ ಕೆಳಗೆ, ಹೋಗಿ ಬರುವ ಗಾಡಿಗಳ ಎದುರು ಇಪ್ಪತ್ತು ನಿಮಿಷ ನಿಲ್ಲುವುದು ನಮ್ಮ ಜನಕ್ಕೆ ಸಣ್ಣ ಮಾತಲ್ಲ. ಸಾಲಿನಲ್ಲಿ ನಮ್ಮ ಮುಂದಿದ್ದ ಒಬ್ಬ ಕೋತಿ (ಹೆಣ್ಣಿನ ನಡೆನುಡಿಯ ಗಂಡಸಿಗೆ ನಮ್ಮವರು ಹೇಳುವ ಹೆಸರು) ಗೆಳೆಯನನ್ನು ಬೌನ್ಸರ್ ತಡೆದ. ಚಪ್ಪಲಿ ಹಾಕಿದ್ದು ಕಾರಣ. "ಅಣ್ಣ, ಅವರೂ ಚಪ್ಪಲೀಲೇ ಹೋದ್ರಲ್ಲ" ಅಂತ ಅವನು ಕೇಳಿದಾಗ ಉತ್ತರ ಬರಲಿಲ್ಲ. ಮುಂದೆ ಹೋದದ್ದು ಬೆಲೆಬಾಳುವ ಚಪ್ಪಲಿ. ಡ್ರೆಸ್ ಕೋಡ್ ಅನ್ನುವ ನಿಯಮ ಹೆಚ್ಚಿನ ಕಡೆ ಕೆಲಸ ಮಾಡುವುದು ಹೀಗೇ, ಬಟ್ಟೆಯ ನೆಪದಲ್ಲಿ ನಡಿಗೆಯನ್ನು, ಮಾತಿನ ಧಾಟಿಯನ್ನು, ಜೇಬನ್ನು ಅಳೆಯುತ್ತದೆ. ತಡೆದದ್ದು ಟ್ರಾನ್ಸ್ ವ್ಯಕ್ತಿಯನ್ನಾದರೆ ಕಾನೂನೇ ಅಡ್ಡ ಬರುತ್ತದೆ. ಸಾರ್ವಜನಿಕರಿಗೆ ಕೊಡುವ ಸೇವೆಯನ್ನು ಅವರಿಗೆ ನಿರಾಕರಿಸಬಾರದು ಅಂತ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣಾ ಕಾಯ್ದೆಯ 3ನೇ ಕಲಮು ಹೇಳುತ್ತದೆ. ಬಾಗಿಲಲ್ಲಿ ಜಗಳ ಬೆಳೆಸದೆ ಮ್ಯಾನೇಜರನ್ನು ಕರೆಸಿ ಈ ಕಲಮನ್ನು ಹೆಸರಿಸಿ ಕೇಳುವುದು ಒಳ್ಳೆಯದು. ಆ ರಾತ್ರಿ ನಾವು ಮ್ಯಾನೇಜರನ್ನು ಕರೆಸಿದೆವು, ಗೆಳೆಯ ಒಳಗೆ ಬಂದ. ಬಂದವನ ಮುಖದಲ್ಲಿ ಕುಣಿಯುವ ಹುರುಪು ಉಳಿದಿರಲಿಲ್ಲ.

ಒಳಗೆ ಸಂಗೀತ. ಒಳ್ಳೆಯ ಡಿಜೆ ಮೊದಲ ಒಂದು ಗಂಟೆ ಯಾರನ್ನೂ ಕುಣಿಸಲು ಹೋಗುವುದಿಲ್ಲ. ನಿಮಿಷಕ್ಕೆ 100ರಿಂದ 110 ಬೀಟಿನ ಹಾಡು, ಮಾತು ಕೇಳಿಸುವಷ್ಟು ಸದ್ದು. ಹತ್ತೂವರೆ ಹೊತ್ತಿಗೆ 118, ಹನ್ನೊಂದೂವರೆಗೆ 124ರಿಂದ 126. ಎಲ್ಲರಿಗೂ ಬಾಯಿಪಾಠ ಇರುವ ಹಾಡುಗಳನ್ನು ಆವರೆಗೆ ಕೈಯಲ್ಲೇ ಇಟ್ಟುಕೊಂಡಿರಬೇಕು. ಎಸರು ಕುದಿಯುವ ಮುಂಚೆ ಹಿಟ್ಟು ಸುರಿದರೆ ಮುದ್ದೆ ಗಂಟುಗಂಟಾಗುತ್ತದೆ. ಈ ಡಿಜೆ ಒಂಬತ್ತೂಮುಕ್ಕಾಲಿಗೇ 128ರಲ್ಲಿ ಶುರು ಮಾಡಿ, ಹತ್ತೂವರೆಯೊಳಗೆ ದೊಡ್ಡ ಹಾಡುಗಳನ್ನೆಲ್ಲ ಖರ್ಚು ಮಾಡಿಬಿಟ್ಟ. ಜನ ತುಂಬುವ ಹೊತ್ತಿಗೆ ಅವನ ಹತ್ತಿರ ಏನೂ ಉಳಿದಿರಲಿಲ್ಲ. ಆಮೇಲೆ 126ರ ಹೌಸ್ (ಕ್ಲಬ್ಬಿನ ಕುಣಿತದ ಸಂಗೀತ) ಟ್ರ್ಯಾಕಿನಿಂದ 95ರ ಸಿನಿಮಾ ಹಾಡಿಗೆ ಒಂದೇ ಏಟಿಗೆ ಹಾರಿದ. ಇಷ್ಟು ವ್ಯತ್ಯಾಸ ಇದ್ದಾಗ ಬೀಟುಗಳನ್ನು ಒಂದರ ಮೇಲೊಂದು ಕೂರಿಸಲು ಆಗುವುದಿಲ್ಲ. ಒಂದು ಕ್ಷಣ ಸದ್ದು ನಿಲ್ಲಿಸಿ, ಹೊಸ ಹಾಡಿನ ಪಲ್ಲವಿಯಿಂದ ಶುರು ಮಾಡಬೇಕು. ಹಾಗೆ ಮಾಡದಿದ್ದರೆ ಕಾಲು ತಪ್ಪುತ್ತದೆ, ಕಾಲು ತಪ್ಪಿದವರು ನೀರು ಕುಡಿಯಲು ಹೋಗುತ್ತಾರೆ. ತಮಟೆ ಏಟಿನ ಹಾಡಿಗೂ ಇದೇ ತೊಂದರೆ. ಅದರ ನಡೆ ಆರರದು, ಹೌಸಿನದು ನಾಲ್ಕರದು. ಗಣಪತಿ ಮೆರವಣಿಗೆಯಲ್ಲಿ ತಮಟೆಗೆ ಕುಣಿದು ಬೆಳೆದ ತುಮಕೂರಿನ ಹುಡುಗರನ್ನು ಒಂದೇ ಒಂದು ಕನ್ನಡ ಹಾಡು ಹಾಕಿ ನಡುವಿಗೆ ಎಳೆಯಬಹುದಿತ್ತು. ಕೇಳಿದ್ದಕ್ಕೆ "ವೈಬ್ ಹೋಗುತ್ತೆ" ಅಂದರು. ಹೌಸ್ ಅನ್ನುವ ಸಂಗೀತಕ್ಕೆ ಹೆಸರು ಬಂದದ್ದೇ ಶಿಕಾಗೋದ ವೇರ್‌ಹೌಸ್ ಅನ್ನುವ ಕ್ಲಬ್ಬಿನಿಂದ. 1977ರಲ್ಲಿ ಶುರುವಾದ ಆ ಕ್ಲಬ್ಬಿನಲ್ಲಿ ಕುಣಿಯುತ್ತಿದ್ದವರಲ್ಲಿ ಹೆಚ್ಚಿನವರು ಕರಿಯ ಮತ್ತು ಲ್ಯಾಟಿನೊ ಗೇ ಜನ, ಡಿಜೆ ಫ್ರಾಂಕಿ ನಕಲ್ಸ್. ಎದುರಿಗೆ ಬಂದು ನಿಂತ ಜನ ಯಾರು ಅಂತ ನೋಡಿ ಹಾಡು ಹಾಕುವ ಪದ್ಧತಿ ಅಲ್ಲಿಯದು.

ಸೌಂಡ್ ಸಿಸ್ಟಮ್ ದುಬಾರಿಯದೇ, ಜೋಡಿಸಿದ ರೀತಿ ತಪ್ಪು. ಬೇಸ್, ಅಂದರೆ ಎದೆಗೆ ತಾಗುವ ತಗ್ಗಿನ ಸದ್ದು ಕೊಡುವ ಎರಡು ಸಬ್‌ವೂಫರನ್ನು ವೇದಿಕೆಯ ಆಚೆ ಒಂದು ಈಚೆ ಒಂದು ಇಟ್ಟಿದ್ದರು. 60 ಹರ್ಟ್ಸ್ ಬೇಸಿನ ಒಂದು ಅಲೆ ಸುಮಾರು 5.7 ಮೀಟರ್ ಉದ್ದ. ನಿಂತ ಜಾಗಕ್ಕೆ ಒಂದು ಸ್ಪೀಕರ್ ಇನ್ನೊಂದಕ್ಕಿಂತ 2.8 ಮೀಟರಿನಷ್ಟು ದೂರ ಆದರೆ ಎರಡೂ ಅಲೆ ಒಂದನ್ನೊಂದು ಕೊಂದುಕೊಳ್ಳುತ್ತವೆ, ಅಲ್ಲಿ ಬೇಸೇ ಕೇಳುವುದಿಲ್ಲ. ಸರಿಯಾಗಿ ಮಧ್ಯದ ಗೆರೆಯಲ್ಲಿ, ಗೋಡೆಯ ಮೂಲೆಗಳಲ್ಲಿ ಎದೆ ಅದುರುತ್ತದೆ. ಎರಡನ್ನೂ ಒಟ್ಟಿಗೆ ನಡುವೆ ಇಟ್ಟಿದ್ದರೆ ಈ ತೊಂದರೆ ಬಹುಪಾಲು ಹೋಗುತ್ತದೆ, ಖರ್ಚು ಒಂದು ಉದ್ದ ಕೇಬಲ್ಲಿನದು. ಬೇಸ್ ಸಾಲದು ಅಂತ ಡಿಜೆ ಸದ್ದು ಏರಿಸಿದ, ಮಿಕ್ಸರಿನ ಕೆಂಪು ದೀಪ ಆರಲೇ ಇಲ್ಲ. ಕೆಂಪು ದೀಪ ಹತ್ತಿತು ಅಂದರೆ ಅಲೆಯ ತಲೆ ಕತ್ತರಿಸಿಹೋಗುತ್ತಿದೆ ಅಂತ ಅರ್ಥ. ಸದ್ದು ಜೋರಾಗುವ ಬದಲು ಚುಚ್ಚತೊಡಗುತ್ತದೆ. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು ಅನ್ನುವುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಪ್ರತಿ 3 ಡೆಸಿಬಲ್ ಹೆಚ್ಚಾದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ, 100 ಡೆಸಿಬಲ್‌ಗೆ 15 ನಿಮಿಷ. ಮೆಡಿಕಲ್ ಶಾಪಿನ ಫೋಮ್ ಇಯರ್‌ಪ್ಲಗ್ ಜೇಬಿನಲ್ಲಿರಲಿ. ಅದನ್ನು ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಕಿವಿಯನ್ನು ಮೇಲಕ್ಕೆಳೆದು ಹಾಕಿ, ಉಬ್ಬುವವರೆಗೆ ಒತ್ತಿ ಹಿಡಿಯಬೇಕು.

ಫ್ಲೋರ್ ಸುಮಾರು 30 ಅಡಿಗೆ 20 ಅಡಿ. ಅದರಲ್ಲಿ ಅರ್ಧದಷ್ಟು ಜಾಗಕ್ಕೆ ಈಗ ಎತ್ತರದ ಮೇಜುಗಳು ಬಂದಿವೆ, ಬಾಟಲಿ ತೆಗೆದುಕೊಳ್ಳುವ ಗುಂಪುಗಳಿಗೆ ಮೀಸಲು. ಉಳಿದ ಅರ್ಧದ ಮೇಲೆ ಬಿಳಿ ದೀಪ, ರೀಲ್ಸ್ ಚೆನ್ನಾಗಿ ಬರಲಿ ಅಂತ.

ಇದನ್ನು ಸ್ವಲ್ಪ ನಿಂತು ಹೇಳಬೇಕು. ಆ ರಾತ್ರಿಯ ಫೋಟೋಗ್ರಾಫರ್ ಫ್ಲ್ಯಾಶ್ ಹಿಡಿದು ಫ್ಲೋರಿನ ಮಧ್ಯದಲ್ಲೇ ಓಡಾಡುತ್ತಿದ್ದ. ಮುಂದೆ ನಿಂತ ಇಬ್ಬರು ಒಪ್ಪಿ ಪೋಸ್ ಕೊಡುತ್ತಾರೆ, ಹಿಂದೆ ಇರುವ ಹತ್ತು ಮುಖವನ್ನು ಯಾರೂ ಕೇಳಿರುವುದಿಲ್ಲ. ಬೆಂಗಳೂರಿನಲ್ಲಿ ಒಬ್ಬಂಟಿ ಫ್ಲ್ಯಾಟಿನಲ್ಲಿರುವವರಿಗೆ ಅದು ನಡೆದೀತು. ತುಮಕೂರಿನಲ್ಲಿ ಒಂದು ಫೋಟೋ ಟ್ಯಾಗ್ ಆಯಿತು ಅಂದರೆ ಸೋಮವಾರದೊಳಗೆ ಮನೆ ಓನರ್, ಆಫೀಸು, ಸೋದರಮಾವ ಎಲ್ಲರ ಮೊಬೈಲಿಗೂ ಮುಟ್ಟಿರುತ್ತದೆ. 377 ಹೋದದ್ದರಿಂದ ಜೈಲಿನ ಭಯ ಹೋಯಿತು, ಬಾಡಿಗೆ ಮನೆ ಬಿಡಿಸುವವರ ಭಯ ಎಲ್ಲೂ ಹೋಗಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಲೈಂಗಿಕ ಒಲವು ಖಾಸಗಿತನದ ಅವಿಭಾಜ್ಯ ಭಾಗ ಅಂದಿತು. ಕ್ಲಬ್ಬಿನ ಕತ್ತಲೆ ಆ ಖಾಸಗಿತನದ ಕೆಲಸವನ್ನೇ ಮಾಡುತ್ತಿತ್ತು. ಫೋಟೋ ಬೇಕಾದರೆ ಉಪಾಯಗಳಿವೆ: ಬಾಗಿಲ ಬಳಿ ಒಂದು ಗೋಡೆಗೆ ಪರದೆ ಕಟ್ಟಿ ಅಲ್ಲಿ ಮಾತ್ರ ತೆಗೆಯುವುದು, ಬೇಡ ಅನ್ನುವವರಿಗೆ ಬೇರೆ ಬಣ್ಣದ ಕೈಪಟ್ಟಿ ಕಟ್ಟುವುದು, ಒಳಗೆ ಬರುವ ಎಲ್ಲರ ಮೊಬೈಲ್ ಕ್ಯಾಮೆರಾಕ್ಕೆ ಅಂಟುಚೀಟಿ ಹಚ್ಚುವುದು. ಬರ್ಲಿನ್ನಿನ ಕ್ಲಬ್ಬುಗಳಲ್ಲಿ ಅಂಟುಚೀಟಿ ಮಾಮೂಲಿ. ಇದ್ಯಾವುದೂ ಇಲ್ಲದ ಕಡೆ ಫೋಟೋಗ್ರಾಫರನ್ನು ಅಲ್ಲೇ ನಿಲ್ಲಿಸಿ, ಪರದೆ ಮೇಲೆ ಫೋಟೋ ನೋಡಿ, ಎದುರಿಗೇ ಅಳಿಸಲು ಹೇಳಬೇಕು. ನಾಳೆ ಮೆಸೇಜ್ ಮಾಡುತ್ತೇವೆ ಅಂತ ಬಿಟ್ಟರೆ ಹೊತ್ತು ಮೀರಿರುತ್ತದೆ. ಆ ರಾತ್ರಿ ನಮ್ಮಲ್ಲಿ ಇಬ್ಬರು ಹಾಗೆ ಅಳಿಸಿದರು, ಮತ್ತೆ ಬೆಳಕಿನ ಕಡೆ ಸುಳಿಯಲಿಲ್ಲ.

ಗೇ ಬಾರುಗಳು ಹಿಂದೆಲ್ಲ ಚೆನ್ನಾಗಿದ್ದವು ಅಂತ ವಾದಿಸುತ್ತಿಲ್ಲ. 1969ರ ಜೂನ್ 28ರಂದು ಪೊಲೀಸರ ವಿರುದ್ಧ ಜನ ತಿರುಗಿಬಿದ್ದ ನ್ಯೂಯಾರ್ಕಿನ ಸ್ಟೋನ್‌ವಾಲ್ ಇನ್ ಮಾಫಿಯಾದವರ ಕೈಯಲ್ಲಿತ್ತು. ಬಾರಿನ ಹಿಂದೆ ಗ್ಲಾಸ್ ತೊಳೆಯಲು ನಲ್ಲಿನೀರು ಇರಲಿಲ್ಲ, ಮದ್ಯಕ್ಕೆ ನೀರು ಬೆರೆಸುತ್ತಿದ್ದರು. ಆದರೂ ಜನ ಹೋದರು, ಅಲ್ಲಿ ಇಬ್ಬರು ಗಂಡಸರು ತಬ್ಬಿಕೊಂಡು ಕುಣಿಯಬಹುದಿತ್ತು. ಪೊಲೀಸರು ಬಂದರೆ ಬಿಳಿ ದೀಪ ಹಾಕಿ ಎಚ್ಚರಿಸುತ್ತಿದ್ದರು, ಬೆಳಕು ಬಿತ್ತು ಅಂದರೆ ಬಿಟ್ಟು ದೂರ ಸರಿಯಬೇಕು. ಅದೇ ಊರಲ್ಲಿ 1970ರಲ್ಲಿ ಡೇವಿಡ್ ಮಂಕೂಸೊ ಲಾಫ್ಟ್ ಅನ್ನುವ ಪಾರ್ಟಿಯನ್ನು ತನ್ನ ಮನೆಯಲ್ಲೇ ಶುರು ಮಾಡಿದ. ಆಹ್ವಾನ ಇದ್ದವರಿಗಷ್ಟೇ ಪ್ರವೇಶ, ಮದ್ಯ ಮಾರುತ್ತಿರಲಿಲ್ಲ, ಸ್ಪೀಕರಿಗೆ ಮಾತ್ರ ಕೈಬಿಚ್ಚಿ ಖರ್ಚು. ಬಾರ್ ಬಿಲ್ಲಿನ ಮೇಲೆ ನಿಂತ ಜಾಗಕ್ಕೆ ಮೇಜು ಲಾಭ, ಕುಣಿಯುವವನು ನಷ್ಟ. ಬೆವರು ಸುರಿಸುವವನು ಕೇಳುವುದು ನೀರನ್ನು.

ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಎಷ್ಟೋ ಪಟ್ಟು ಹಾಕಿದ್ದರು. ಹೋಟೆಲು, ಬಾರುಗಳಲ್ಲಿ ಹಾಗೆ ಹಾಕಬಹುದು ಅಂತ 2017ರ ತೀರ್ಪು ಇರುವುದರಿಂದ ಆ ಬಗ್ಗೆ ವಾದಿಸಿ ಪ್ರಯೋಜನವಿಲ್ಲ. ಬಿಲ್ಲಿನಲ್ಲಿ ತಾನಾಗಿಯೇ ಸೇರಿಸಿದ ಸರ್ವಿಸ್ ಚಾರ್ಜನ್ನು ಮಾತ್ರ ತೆಗೆಸಬಹುದು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದನ್ನು ಕಡ್ಡಾಯ ಮಾಡಬಾರದು ಅಂದಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೇಳಿದ ಕೂಡಲೇ ತೆಗೆದರು.

ಹೆಣ್ಣಿನ ವೇಷ ತೊಟ್ಟು ಕುಣಿದು ರಂಜಿಸುವ ಡ್ರ್ಯಾಗ್ ಶೋ ಹನ್ನೊಂದೂಮುಕ್ಕಾಲಿಗೆ ಇಟ್ಟಿದ್ದು ದೊಡ್ಡ ಅನ್ಯಾಯ. ಒಂದು ಗಂಟೆಗೆ ಬಾಗಿಲು ಹಾಕುವ ಊರಿನಲ್ಲಿ ಅದೇ ಕುಣಿತದ ಹೊತ್ತು. ಹತ್ತೂವರೆಗೆ ಇಟ್ಟಿದ್ದರೆ ಬಂದವರನ್ನು ಹತ್ತಿರ ಸೇರಿಸಿ, ಹಾಗೇ ಹಾಡಿಗೆ ದಾಟಿಸಬಹುದಿತ್ತು. ಕಲಾವಿದೆ ನಿಜಕ್ಕೂ ಸಮರ್ಥೆ. ಸೀರೆಯ ನೆರಿಗೆ ಒಂದೂ ಜಾರದ ಹಾಗೆ ಹಿಮ್ಮಡಿ ಎತ್ತರದ ಚಪ್ಪಲಿಯಲ್ಲಿ ಗಿರಗಿರ ತಿರುಗಿದರು. ನೆಲದ ಮಟ್ಟದಲ್ಲೇ ನಿಲ್ಲಿಸಿದ್ದರಿಂದ ಮೂರನೇ ಸಾಲಿನ ಹಿಂದಿನವರಿಗೆ ತಲೆ ಬಿಟ್ಟು ಏನೂ ಕಾಣಲಿಲ್ಲ. ಒಂದೂವರೆ ಅಡಿ ಎತ್ತರದ ಹಲಗೆ ಸಾಕಿತ್ತು. ಮೈಕ್ ಹಿಡಿದು ಸ್ಪೀಕರಿನ ಎದುರಿಗೆ ಬಂದಾಗಲೆಲ್ಲ ಕೂಗಿಕೊಳ್ಳುತ್ತಿತ್ತು. ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿಗೇ ಹೊಕ್ಕು ಸುತ್ತುವುದರಿಂದ ಹಾಗಾಗುತ್ತದೆ. ಅವರನ್ನು ಸ್ಪೀಕರುಗಳ ಹಿಂದಿನ ಗೆರೆಯಲ್ಲಿ ನಿಲ್ಲಿಸಬೇಕಿತ್ತು, ಇದು ಪ್ರತಿ ಆರ್ಕೆಸ್ಟ್ರಾದವನಿಗೂ ಗೊತ್ತು.

ಹನ್ನೆರಡೂವರೆಗೆ ಲಾಸ್ಟ್ ಆರ್ಡರ್, ಹನ್ನೆರಡೂ ಐವತ್ತಕ್ಕೆ ಟ್ಯೂಬ್‌ಲೈಟ್. ಆ ಹೊತ್ತಿಗೆ ಮೆಟ್ರೊ ಮುಗಿದಿರುತ್ತದೆ, ಭಾನುವಾರ ಬೆಳಗ್ಗೆ ಅದು ಶುರುವಾಗುವುದೂ ಬೇರೆ ದಿನಗಳಿಗಿಂತ ತಡ. ಬೈಕಿನಲ್ಲಿ ಬಂದವರು ಕುಡಿದಿದ್ದರೆ ಕೀ ಮುಟ್ಟಬಾರದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆಟೊದಲ್ಲಿ ಮೆಜೆಸ್ಟಿಕ್‌ಗೆ ಹೋಗುವುದೇ ಸರಿ, ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ ಕಡೆಯ ಬಸ್ಸುಗಳು ರಾತ್ರಿಯಿಡೀ ತುಮಕೂರಿನ ಮೇಲೇ ಹೋಗುತ್ತವೆ. ಆಟೊ ಹತ್ತುವ ಮುಂಚೆ ಕಣ್ಣಿನ ಬಣ್ಣ ತೆಗೆಯಬೇಕು. ವಾಟರ್‌ಪ್ರೂಫ್ ಕಾಡಿಗೆ, ಮಿನುಗುಪುಡಿ ನೀರಿಗೆ ಬಗ್ಗುವುದಿಲ್ಲ, ಉಜ್ಜಿದರೆ ಕೆನ್ನೆಗೆ ಹರಡುತ್ತದೆ. ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು, ಒಂದೇ ದಿಕ್ಕಿಗೆ ಎಳೆದರೆ ಬರುತ್ತದೆ. ಕಂಡಕ್ಟರನ್ನು ಹತ್ತುವ ಮುಂಚೆಯೇ ಕೇಳಿಕೊಳ್ಳಿ, ಬಸ್ಸು ತುಮಕೂರಿನ ಸ್ಟ್ಯಾಂಡಿಗೆ ಹೋಗುತ್ತದೋ ಬೈಪಾಸಿನಲ್ಲೇ ಇಳಿಸುತ್ತದೋ ಅಂತ. ರಾತ್ರಿ ಮೂರು ಗಂಟೆಗೆ ಬೈಪಾಸಿನಲ್ಲಿ ಇಳಿದರೆ ಆಟೊ ಸಿಗುವುದಿಲ್ಲ. ಕ್ಯಾತ್ಸಂದ್ರದಲ್ಲಿ ಇಳಿಯುವುದು ವಾಸಿ, ಅಲ್ಲಿ ಜನ ಓಡಾಡುತ್ತಿರುತ್ತಾರೆ.