ವ್ಯಾಂಕೊಮೈಸಿನ್: ಡೋಸ್ ಸರಿಯಿದ್ದರೆ ಸಾಲದು, ವೇಳೆಯೂ ಸರಿಯಿರಬೇಕು

ಮೆಥಿಸಿಲಿನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ರಕ್ತಕ್ಕೋ ಮೂಳೆಗೋ ಹೃದಯದ ಕವಾಟಕ್ಕೋ ಹಬ್ಬಿದಾಗ ವಾರ್ಡಿನಲ್ಲಿ ಮೊದಲು ನೆನಪಾಗುವ ಔಷಧ ವ್ಯಾಂಕೊಮೈಸಿನ್. 1958ರಿಂದ ಬಳಕೆಯಲ್ಲಿದೆ. ಹಳೆಯದು, ಎಲ್ಲರಿಗೂ ಗೊತ್ತಿರುವುದು ಎಂದು ಸಲೀಸಾಗಿ ಕೊಡಲು ಹೋದರೆ ಎಡವುವುದು ಇದರಲ್ಲೇ. ಎಷ್ಟು ಕೊಟ್ಟೆವು ಎನ್ನುವಷ್ಟೇ, ಯಾವಾಗ ಶುರು ಮಾಡಿದೆವು, ಎಷ್ಟು ಹೊತ್ತಿನಲ್ಲಿ ಇಳಿಸಿದೆವು ಎನ್ನುವುದೂ ಇಲ್ಲಿ ಮುಖ್ಯ.

ಮೊದಲ ಡೋಸ್‌ಗೆ ಮುಂಚೆ ಎರಡು ಬೇರೆ ಜಾಗಗಳಿಂದ ಎರಡು ಸೆಟ್ ಬ್ಲಡ್ ಕಲ್ಚರ್ (ರೋಗಾಣು ಬೆಳೆಸಿ ಗುರುತಿಸಲು ರಕ್ತ) ತೆಗೆಯಿರಿ. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ) ಇದ್ದರೆ ಕಲ್ಚರ್‌ಗಾಗಿ ಔಷಧ ತಡವಾಗಬಾರದು. ತೂಕವನ್ನು ಅಂದಾಜಿನಲ್ಲಿ ಬರೆಯದೆ ತೂಗಿಯೇ ಬರೆಯಿರಿ. ತೀವ್ರ ಸೋಂಕಿರುವ ವಯಸ್ಕರಿಗೆ ಲೋಡಿಂಗ್ ಡೋಸ್ (ಮೊದಲು ಕೊಡುವ ದೊಡ್ಡ ಡೋಸ್) ಕೆಜಿಗೆ 20ರಿಂದ 35 ಮಿ.ಗ್ರಾಂ, ಹೆಚ್ಚೆಂದರೆ 3 ಗ್ರಾಂ. ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಹೆಚ್ಚಿದೆ ಎಂದು ಈ ಮೊದಲ ಡೋಸನ್ನೇ ಕತ್ತರಿಸುವ ಅಭ್ಯಾಸ ತಪ್ಪು. ಮೂತ್ರಪಿಂಡದ ಸ್ಥಿತಿ ನೋಡಿ ಬದಲಿಸಬೇಕಾದದ್ದು ಮುಂದಿನ ಡೋಸ್‌ಗಳನ್ನು ಮತ್ತು ಅವುಗಳ ನಡುವಿನ ಅಂತರವನ್ನು.

ಕಲಸುವಾಗ 500 ಮಿ.ಗ್ರಾಂ ವಯಲ್‌ಗೆ 10 ಮಿ.ಲೀ. ಸ್ಟೆರೈಲ್ ವಾಟರ್, 1 ಗ್ರಾಂಗೆ 20 ಮಿ.ಲೀ. ಆಮೇಲೆ ನಾರ್ಮಲ್ ಸಲೈನ್ ಅಥವಾ 5% ಡೆಕ್ಸ್‌ಟ್ರೋಸ್‌ಗೆ ಸೇರಿಸಿ, ಮಿ.ಲೀ.ಗೆ 5 ಮಿ.ಗ್ರಾಂ ಮೀರದಂತೆ ತೆಳುವಾಗಿಸಿ. ಅಂದರೆ 1 ಗ್ರಾಂಗೆ ಕನಿಷ್ಠ 200 ಮಿ.ಲೀ. ಬೇಕು. ದ್ರಾವಣ ಆಮ್ಲೀಯ, 100 ಮಿ.ಲೀ. ಬಾಟಲಿಗೆ 1 ಗ್ರಾಂ ಹಾಕಿ ಕೈಯ ಸಣ್ಣ ರಕ್ತನಾಳಕ್ಕೆ ಬಿಟ್ಟರೆ ಅದು ಉರಿದು, ಕೆಂಪಾಗಿ, ಗಟ್ಟಿಯಾಗುತ್ತದೆ. ಹೊರಗೆ ಸೋರಿದರೆ ಅಂಗಾಂಶವೇ ಸಾಯಬಹುದು. ಮಾಂಸಖಂಡಕ್ಕಂತೂ ಕೊಡಲೇಬಾರದು.

‘ಒಂದು ಗಂಟೆಯಲ್ಲಿ ಇಳಿಸಿ’ ಎಂದು ಬಾಯಿಪಾಠ ಮಾಡಿಕೊಂಡವರು ಬಹಳ. ಪೂರ್ತಿ ನಿಯಮ ಹೀಗಿದೆ: ನಿಮಿಷಕ್ಕೆ 10 ಮಿ.ಗ್ರಾಂ ಮೀರಬಾರದು, 60 ನಿಮಿಷಕ್ಕಿಂತ ಕಡಿಮೆಯೂ ಆಗಬಾರದು. 1 ಗ್ರಾಂಗೆ 100 ನಿಮಿಷ, 1500 ಮಿ.ಗ್ರಾಂಗೆ ಎರಡೂವರೆ ಗಂಟೆ. ಬೇಗ ಇಳಿಸಿದರೆ ಮಾಸ್ಟ್ ಕೋಶಗಳಿಂದ ಹಿಸ್ಟಮಿನ್ ಬಿಡುಗಡೆಯಾಗಿ ಮುಖ, ಕುತ್ತಿಗೆ, ಎದೆಯ ಮೇಲ್ಭಾಗ ಕೆಂಪೇರಿ ತುರಿಸುತ್ತದೆ, ಬಿಪಿಯೂ ಇಳಿಯಬಹುದು. ತಕ್ಷಣ ಡ್ರಿಪ್ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ. ಲಕ್ಷಣ ಸೌಮ್ಯವಿದ್ದರೆ ಆಂಟಿಹಿಸ್ಟಮಿನ್ ಕೊಟ್ಟು, ಕೆಂಪು ಇಳಿದ ಮೇಲೆ ಅರ್ಧ ವೇಗದಲ್ಲಿ ಮತ್ತೆ ಶುರು ಮಾಡಬಹುದು. ಕೇಸ್ ಶೀಟಿನಲ್ಲಿ ಇದನ್ನು ‘ವ್ಯಾಂಕೊಮೈಸಿನ್ ಅಲರ್ಜಿ’ ಎಂದು ಬರೆಯಬೇಡಿ. ಆ ಒಂದು ಪದದಿಂದ ರೋಗಿಗೆ ಮುಂದೆ ಬೇಕಾದಾಗ ಈ ಔಷಧ ಸಿಗದೆ ಹೋಗುತ್ತದೆ. ಆದರೆ ಉಬ್ಬಸ, ಗಂಟಲು ಅಥವಾ ತುಟಿಯ ಊತ ಕಂಡರೆ ಅನಾಫಿಲಾಕ್ಸಿಸ್ (ಜೀವಕ್ಕೆ ಅಪಾಯವಾಗುವ ತೀವ್ರ ಅಲರ್ಜಿ) ಎಂದೇ ಭಾವಿಸಿ ತೊಡೆಯ ಮಾಂಸಖಂಡಕ್ಕೆ ಅಡ್ರಿನಲಿನ್ ಕೊಡಬೇಕು. ಅಂಥವರಿಗೆ ಮತ್ತೆ ಶುರು ಮಾಡುವ ಮಾತಿಲ್ಲ.

ಪಿಪರಾಸಿಲಿನ್-ಟಾಜೊಬ್ಯಾಕ್ಟಮ್, ಸೆಫ್ಟ್ರಿಯಾಕ್ಸೋನ್‌ನಂಥ ಬೇರೆ ಆಂಟಿಬಯಾಟಿಕ್‌ಗಳನ್ನು ಅದೇ ಲೈನಿನಲ್ಲಿ ಬೆರೆಸಿದರೆ ಮಡ್ಡಿ ಕಟ್ಟಬಹುದು. ನಡುವೆ ಸಲೈನ್‌ನಿಂದ ಫ್ಲಶ್ ಮಾಡಿ.

ರಕ್ತದ ಮಟ್ಟ ನೋಡುವಾಗ ಟ್ರಫ್ (ಔಷಧದ ಅತಿ ಕಡಿಮೆ ಮಟ್ಟ) ಸ್ಯಾಂಪಲ್ ತೆಗೆಯಬೇಕಾದದ್ದು ಮುಂದಿನ ಡೋಸ್‌ಗೆ ಅರ್ಧ ಗಂಟೆ ಮುಂಚೆ, ಔಷಧ ಹೋಗುತ್ತಿರುವ ಲೈನಿನಿಂದಲ್ಲ. ಹಿಂದಿನ ಡೋಸ್ ಶುರುವಾದದ್ದು, ಮುಗಿದದ್ದು, ರಕ್ತ ತೆಗೆದದ್ದು, ಈ ಮೂರೂ ವೇಳೆಗಳನ್ನು ನಿಮಿಷದ ಲೆಕ್ಕದಲ್ಲಿ ಬರೆಯಿರಿ. ಡೋಸ್ ಎರಡು ಗಂಟೆ ತಡವಾಗಿದ್ದನ್ನು ಬರೆಯದಿದ್ದರೆ ಬಂದ ಸಂಖ್ಯೆಯನ್ನು ನಂಬಿ ಡೋಸ್ ಬದಲಿಸುತ್ತಾರೆ, ಸಂಖ್ಯೆಯೇ ತಪ್ಪಾಗಿರುತ್ತದೆ. 2020ರ ಅಮೆರಿಕನ್ ಮಾರ್ಗಸೂಚಿ ಈ ಬಗೆಯ ತೀವ್ರ ಸೋಂಕಿಗೆ ಟ್ರಫ್ ಒಂದನ್ನೇ ಗುರಿಯಾಗಿಸದೆ, 24 ಗಂಟೆಯ ಎಯುಸಿ (ಅಷ್ಟು ಹೊತ್ತು ರಕ್ತದಲ್ಲಿದ್ದ ಔಷಧದ ಒಟ್ಟು ಲೆಕ್ಕ) 400ರಿಂದ 600ರೊಳಗೆ ಇರಲಿ ಎನ್ನುತ್ತದೆ. ಈ ಲೆಕ್ಕಕ್ಕಂತೂ ವೇಳೆ ಇನ್ನೂ ನಿಖರವಾಗಿರಬೇಕು. ಜೊತೆಗೆ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರಮಾಣದ ಮೇಲೆ ಕಣ್ಣಿರಲಿ. ಜೆಂಟಾಮೈಸಿನ್ ಅಥವಾ ಪಿಪರಾಸಿಲಿನ್-ಟಾಜೊಬ್ಯಾಕ್ಟಮ್ ಕೂಡ ನಡೆಯುತ್ತಿದ್ದರೆ ದಿನವೂ ನೋಡಬೇಕು.

ಕಲ್ಚರ್ ವರದಿ ಬಂದ ದಿನವೇ ಡಾಕ್ಟರಿಗೆ ತೋರಿಸಿ. ಮೆಥಿಸಿಲಿನ್‌ಗೆ ಬಗ್ಗುವ ಸ್ಟ್ಯಾಫಿಲೊಕಾಕಸ್ ಎಂದು ಬಂದಿದ್ದರೆ ಸೆಫಜೋಲಿನ್ ಅಥವಾ ಕ್ಲಾಕ್ಸಾಸಿಲಿನ್ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಆ ಸಂಜೆಯ ಡೋಸ್‌ಗೆ ಮುಂಚೆಯೇ ಔಷಧ ಬದಲಾಗಬಹುದು.